‘ನಾಳೆಯೇ ಈ ಷೇರು ಡಬಲ್’ ಎಂಬ ಇಮೇಲ್ ನಿಮಗೂ ಬಂತೇ? ಹಣ ಹಾಕುವ ಮೊದಲು ಇದನ್ನು ಓದಿ

“ಆತ್ಮೀಯ ಹೂಡಿಕೆದಾರರೇ, ಈ ಕಂಪನಿಯ ಷೇರು ಈಗ ಕೇವಲ 3 ರೂಪಾಯಿ. ಮುಂದಿನ ವಾರ ದೊಡ್ಡ ಗುಂಪೊಂದು ಇದನ್ನು ಖರೀದಿಸಲಿದೆ. ಗುರಿ ಬೆಲೆ 15 ರೂಪಾಯಿ. ಒಳಗಿನ ಮಾಹಿತಿ, ಯಾರಿಗೂ ಹೇಳಬೇಡಿ. ಇಂದೇ ಕೊಳ್ಳಿ.”

ಹೀಗೊಂದು ಇಮೇಲ್ ನಿಮ್ಮ ಫೋನಿಗೆ ಬಂದಿರಬಹುದು. ಅಥವಾ ಅದರ ಸ್ಕ್ರೀನ್‌ಶಾಟ್ ಊರಿನ ವಾಟ್ಸಾಪ್ ಗುಂಪಿನಲ್ಲಿ ಓಡಾಡಿರಬಹುದು. ಒಂದು ಕ್ಷಣ ಯೋಚಿಸಿ. ಯಾರಿಗೂ ಹೇಳಬಾರದ ಗುಟ್ಟನ್ನು, ನಿಮ್ಮ ಹೆಸರೂ ಗೊತ್ತಿಲ್ಲದವರು ನಿಮಗೇಕೆ ಹೇಳುತ್ತಾರೆ? ಷೇರು ಐದು ಪಟ್ಟು ಆಗುವುದು ಖಚಿತವಿದ್ದರೆ ಸಾಲ ಮಾಡಿಯಾದರೂ ಅವರೇ ಕೊಳ್ಳುತ್ತಿದ್ದರಲ್ಲವೇ?

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ ಮತ್ತು ನಾಗಮಂಗಲದ ಓದುಗರನ್ನು ಮನಸ್ಸಿನಲ್ಲಿಟ್ಟುಕೊಂಡು ನಾವು ಈ ಲೇಖನ ಬರೆದಿದ್ದೇವೆ. ಷೇರು ವ್ಯವಹಾರ ಈಗ ಬೆಂಗಳೂರು, ಮುಂಬೈಗಳಿಗೆ ಸೀಮಿತವಲ್ಲ. ಫೋನಿನಲ್ಲಿ ಅರ್ಧ ಗಂಟೆಯಲ್ಲಿ ಡಿಮ್ಯಾಟ್ ಖಾತೆ ತೆರೆಯಬಹುದು. ಕಬ್ಬಿನ ಬಿಲ್ಲು, ಡೇರಿ ಹಾಲಿನ ಹಣ, ರಸ್ತೆಗೆ ಹೋದ ಜಮೀನಿನ ಪರಿಹಾರ, ಬೆಂಗಳೂರಿನಲ್ಲಿ ದುಡಿಯುವ ಮಗ ಕಳುಹಿಸಿದ ಹಣ ಎಲ್ಲವೂ ಬ್ಯಾಂಕ್ ಖಾತೆಗೇ ಬರುತ್ತದೆ. ಆ ಖಾತೆಯೂ ಇಮೇಲೂ ಇರುವುದು ಒಂದೇ ಫೋನಿನಲ್ಲಿ. ಮೋಸಗಾರನಿಗೆ ಬೇಕಾದದ್ದೂ ಅಷ್ಟೇ.

ನನ್ನ ಇಮೇಲ್ ವಿಳಾಸ ಅವರಿಗೆ ಹೇಗೆ ಸಿಕ್ಕಿತು?

“ನಾನು ಇಮೇಲ್ ಬಳಸುವುದೇ ಇಲ್ಲ” ಎನ್ನುವವರಿಗೂ ಇಮೇಲ್ ವಿಳಾಸ ಇರುತ್ತದೆ. ಆಂಡ್ರಾಯ್ಡ್ ಫೋನ್ ಕೊಂಡಾಗ ಅಂಗಡಿಯವರೋ ಮನೆಯ ಮಕ್ಕಳೋ ಒಂದು ಜಿಮೇಲ್ ಖಾತೆ ಮಾಡಿಕೊಟ್ಟಿರುತ್ತಾರೆ. ಆಮೇಲೆ ಆ ವಿಳಾಸವನ್ನು ಲಕ್ಕಿ ಡ್ರಾ ಫಾರಂ, ಸಾಲದ ಆ್ಯಪ್, ಆನ್‌ಲೈನ್ ಅಂಗಡಿ ಹೀಗೆ ಹತ್ತು ಕಡೆ ಕೊಡುತ್ತೇವೆ. ಅವುಗಳಲ್ಲಿ ಒಂದು ಕಡೆಯಿಂದ ಮಾಹಿತಿ ಸೋರಿದರೂ ಸಾಕು, ವಿಳಾಸಗಳ ಪಟ್ಟಿ ಮಾರಾಟಕ್ಕೆ ಬರುತ್ತದೆ.

ಲಕ್ಷಾಂತರ ಜನರಿಗೆ ಇಮೇಲ್ ಕಳುಹಿಸಲು ತಗಲುವ ಖರ್ಚು ಬಹಳ ಕಡಿಮೆ. ಸಾವಿರಕ್ಕೆ ಒಬ್ಬರು ನಂಬಿದರೂ ಅವರಿಗೆ ಲಾಭ. ಹಾಗಾಗಿ ಆ ಮೇಲ್ ನಿಮ್ಮನ್ನೇ ಹುಡುಕಿಕೊಂಡು ಬಂದದ್ದಲ್ಲ. ಅದು ಕೆರೆಗೆ ಬೀಸಿದ ಬಲೆ.

ಇದರ ಹಿಂದಿನ ಆಟ: ಮೊದಲು ಉಬ್ಬಿಸು, ಆಮೇಲೆ ಸುರಿ

ಷೇರುಪೇಟೆಯಲ್ಲಿ ಇದನ್ನು ‘ಪಂಪ್ ಆ್ಯಂಡ್ ಡಂಪ್’ ಎನ್ನುತ್ತಾರೆ. ಬೆಲೆಯನ್ನು ಗಾಳಿ ಹೊಡೆದು ಉಬ್ಬಿಸಿ, ತಮ್ಮ ಬಳಿ ಇರುವ ಷೇರನ್ನೆಲ್ಲ ಬಂದವರ ತಲೆಗೆ ಕಟ್ಟಿ ಹೊರಡುವುದು.

ದನಗಳ ಜಾತ್ರೆ ನೋಡಿದವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಪಾಂಡವಪುರ ತಾಲ್ಲೂಕಿನ ಬೇಬಿ ಬೆಟ್ಟದ ಜಾತ್ರೆಯಲ್ಲೋ ಕೆ.ಆರ್.ಪೇಟೆಯ ಹೇಮಗಿರಿ ಜಾತ್ರೆಯಲ್ಲೋ ಒಬ್ಬ ಸಾಧಾರಣ ಜೋಡೆತ್ತನ್ನು ಕಟ್ಟಿಕೊಂಡು ನಿಂತಿದ್ದಾನೆ ಎಂದುಕೊಳ್ಳಿ. ಅವನ ಕಡೆಯವರೇ ಇಬ್ಬರು ಗಿರಾಕಿಗಳಂತೆ ಬಂದು “ಒಂದೂವರೆ ಲಕ್ಷಕ್ಕೆ ಕೊಡ್ತೀಯಾ?”, “ನಾನು ಒಂದು ಮುಕ್ಕಾಲು ಕೊಡ್ತೀನಿ” ಎಂದು ಪೈಪೋಟಿ ನಡೆಸುತ್ತಾರೆ. ನೋಡುತ್ತಿದ್ದ ಮೂರನೆಯವರು ಇದರಲ್ಲಿ ಏನೋ ಇರಬೇಕೆಂದು ಎರಡು ಲಕ್ಷ ಎಣಿಸುತ್ತಾರೆ. ಸಂಜೆ ಹೊತ್ತಿಗೆ ಮಾರಿದವನೂ ಇಲ್ಲ, ಆ ಇಬ್ಬರು ಗಿರಾಕಿಗಳೂ ಇಲ್ಲ. ಎತ್ತಿನ ಜೋಡಿಯಾದರೆ ಗೇಯಲಿಕ್ಕಾದರೂ ಆದೀತು. ಉಬ್ಬಿಸಿದ ಷೇರು ಅದಕ್ಕೂ ಬಾರದು.

ಈಗ ಲೆಕ್ಕ ನೋಡೋಣ. ಇದು ಕಲ್ಪಿತ ಉದಾಹರಣೆ.

1. ಮೋಸಗಾರರು ಹೆಸರೇ ಕೇಳಿರದ ಒಂದು ಕಂಪನಿಯ 10 ಲಕ್ಷ ಷೇರುಗಳನ್ನು ತಲಾ 2 ರೂಪಾಯಿಯಂತೆ ಸದ್ದಿಲ್ಲದೆ ಕೊಳ್ಳುತ್ತಾರೆ. ಖರ್ಚು 20 ಲಕ್ಷ ರೂಪಾಯಿ.
2. ತಮ್ಮದೇ ನಾಲ್ಕಾರು ಖಾತೆಗಳ ನಡುವೆ ಕೊಂಡು ಮಾರಿ ಬೆಲೆಯನ್ನು 4 ರೂಪಾಯಿಗೆ ಏರಿಸುತ್ತಾರೆ. ಗ್ರಾಫ್ ಮೇಲಕ್ಕೆ ಹೋಗುತ್ತಿರುವಂತೆ ಕಾಣಿಸುತ್ತದೆ.
3. ಈಗ ಇಮೇಲ್, ಎಸ್ಸೆಮ್ಮೆಸ್, ಟೆಲಿಗ್ರಾಂ, ಯೂಟ್ಯೂಬ್ ಎಲ್ಲೆಡೆ ಪ್ರಚಾರ ಶುರು. ಜನ ಮುಗಿಬಿದ್ದು ಕೊಳ್ಳುತ್ತಾರೆ. ಬೆಲೆ 8 ರೂಪಾಯಿ ಮುಟ್ಟುತ್ತದೆ.
4. ಜನ ಕೊಳ್ಳುವಾಗ ಮಾರುತ್ತಿರುವವರು ಇವರೇ. ಸರಾಸರಿ 6 ರೂಪಾಯಿಗೆ ಮಾರಿದರೂ 60 ಲಕ್ಷ ಕೈಗೆ ಬಂತು. ಲಾಭ 40 ಲಕ್ಷ.
5. ಪ್ರಚಾರ ನಿಲ್ಲುತ್ತದೆ. ಕೊಳ್ಳುವವರಿಲ್ಲ. ಬೆಲೆ ಬಂದ ದಾರಿಯಲ್ಲೇ ಕೆಳಗಿಳಿಯುತ್ತದೆ.

ಆ 40 ಲಕ್ಷ ಕಂಪನಿ ದುಡಿದದ್ದಲ್ಲ. ಕೊನೆಯಲ್ಲಿ ಕೊಂಡವರ ಜೇಬಿನಿಂದ ಬಂದದ್ದು.

ಯಾವಾಗಲೂ ಕಡಿಮೆ ಬೆಲೆಯ ಷೇರೇ ಏಕೆ?

ಕನ್ನಂಬಾಡಿ ಕಟ್ಟೆಗೆ ಒಂದು ಟ್ಯಾಂಕರ್ ನೀರು ಸುರಿದರೆ ಮಟ್ಟ ಏರಿದ್ದು ಯಾರಿಗೂ ಕಾಣುವುದಿಲ್ಲ. ಅದೇ ನೀರನ್ನು ಹೊಲದ ಮೂಲೆಯ ಕೃಷಿ ಹೊಂಡಕ್ಕೆ ಸುರಿದರೆ ಕಣ್ಣಿಗೆ ಕಾಣುವಂತೆ ಏರುತ್ತದೆ. ಷೇರುಪೇಟೆಯೂ ಹಾಗೆಯೇ. ದಿನಕ್ಕೆ ನೂರಾರು ಕೋಟಿ ವಹಿವಾಟು ನಡೆಯುವ ದೊಡ್ಡ ಕಂಪನಿಯ ಬೆಲೆಯನ್ನು ಕೆಲವು ಲಕ್ಷ ರೂಪಾಯಿಯಿಂದ ಅಲುಗಿಸಲಾಗದು. ದಿನಕ್ಕೆ ಕೆಲವೇ ಸಾವಿರ ಷೇರು ಕೈಬದಲಾಗುವ ‘ಪೆನ್ನಿ ಸ್ಟಾಕ್’ ಅನ್ನು ಅಲುಗಿಸಬಹುದು.

ಇನ್ನೊಂದು ಕಾರಣ ನಮ್ಮ ಮನಸ್ಸಿನದು. “3 ರೂಪಾಯಿಯ ಷೇರು ತಾನೇ, ಹೋದರೆ 3 ರೂಪಾಯಿ” ಎನಿಸುತ್ತದೆ. ಆದರೆ ಯಾರೂ ಒಂದೇ ಷೇರು ಕೊಳ್ಳುವುದಿಲ್ಲ. 1 ಲಕ್ಷ ರೂಪಾಯಿ ಹಾಕಿದ ಮೇಲೆ ಬೆಲೆ ಅರ್ಧವಾದರೆ ಹೋಗುವುದು 50,000 ರೂಪಾಯಿಯೇ. ಷೇರು 3 ರೂಪಾಯಿಯದ್ದಾದರೂ 3,000 ರೂಪಾಯಿಯದ್ದಾದರೂ ನಷ್ಟದ ಲೆಕ್ಕ ಒಂದೇ.

“ಬಿದ್ದರೆ ತಕ್ಷಣ ಮಾರಿಬಿಡುತ್ತೇನೆ” ಎನ್ನುವವರಿಗೆ

ಇದು ಎಲ್ಲರೂ ಮಾಡುವ ತಪ್ಪು ಲೆಕ್ಕ. ಷೇರು ವಿನಿಮಯ ಕೇಂದ್ರಗಳು ಅನೇಕ ಷೇರುಗಳಿಗೆ ಒಂದು ದಿನದಲ್ಲಿ ಇಷ್ಟೇ ಏರಬೇಕು, ಇಷ್ಟೇ ಇಳಿಯಬೇಕು ಎಂಬ ಮಿತಿ ಇಟ್ಟಿವೆ. ಇದನ್ನು ‘ಸರ್ಕ್ಯೂಟ್’ ಎನ್ನುತ್ತಾರೆ. ಷೇರಿಗೆ ತಕ್ಕಂತೆ ಅದು 2%, 5%, 10% ಅಥವಾ 20% ಇರುತ್ತದೆ.

ಉಬ್ಬಿಸಿದ ಷೇರು ಬೀಳತೊಡಗಿದಾಗ ಬೆಳಿಗ್ಗೆ ಮಾರುಕಟ್ಟೆ ತೆರೆದ ಕೂಡಲೇ ಕೆಳಗಿನ ಮಿತಿ ಮುಟ್ಟಿಬಿಡುತ್ತದೆ. ಮಾರುವವರ ಸಾಲು ಉದ್ದ, ಕೊಳ್ಳುವವರು ಸೊನ್ನೆ. ನೀವು ಮಾರಲು ಒತ್ತಿದರೂ ಆರ್ಡರ್ ಸಾಲಿನಲ್ಲೇ ಉಳಿಯುತ್ತದೆ. ಮರುದಿನವೂ ಅದೇ ಕತೆ. 100 ರೂಪಾಯಿಯ ಷೇರು ದಿನಕ್ಕೆ 5%ರಂತೆ ಹತ್ತು ದಿನ ಬಿದ್ದರೆ ಸುಮಾರು 60 ರೂಪಾಯಿಗೆ ಬಂದಿರುತ್ತದೆ. ಆ ಹತ್ತೂ ದಿನ ನೀವು ನೋಡುತ್ತಾ ಕೂತಿರಬೇಕು. 60ರಿಂದ ಮತ್ತೆ 100 ಮುಟ್ಟಲು ಬೆಲೆ ಸುಮಾರು 67% ಏರಬೇಕು.

“ಅವರು ಹೇಳಿದ್ದು ಆರು ಸಲ ನಿಜವಾಯಿತು!”

ಇದು ಓದಿದವರನ್ನೂ ಬೀಳಿಸುವ ತಂತ್ರ. ಮೋಸಗಾರನ ಬಳಿ 6,400 ಇಮೇಲ್ ವಿಳಾಸಗಳಿವೆ ಎಂದುಕೊಳ್ಳಿ. ಮೊದಲ ದಿನ 3,200 ಜನರಿಗೆ “ಈ ಷೇರು ನಾಳೆ ಏರುತ್ತದೆ” ಎಂದೂ, ಉಳಿದ 3,200 ಜನರಿಗೆ “ಇಳಿಯುತ್ತದೆ” ಎಂದೂ ಬರೆಯುತ್ತಾನೆ. ಎರಡರಲ್ಲಿ ಒಂದು ನಿಜವಾಗಲೇಬೇಕು. ತಪ್ಪು ಮಾತು ಹೋದವರನ್ನು ಕೈಬಿಡುತ್ತಾನೆ. ಸರಿಯಾದ ಮಾತು ಹೋದ 3,200 ಜನರನ್ನು ಮತ್ತೆ ಎರಡು ಪಾಲು ಮಾಡುತ್ತಾನೆ. ಹೀಗೆ 1,600, 800, 400, 200, ಕೊನೆಗೆ 100.

ಆ 100 ಜನರ ಕಣ್ಣಿಗೆ ಅವನು ಆರಕ್ಕೆ ಆರೂ ಸರಿ ಹೇಳಿದ ಮಹಾಜ್ಞಾನಿ. ತಪ್ಪು ಸಂದೇಶ ಪಡೆದ 6,300 ಜನರ ವಿಷಯ ಅವರಿಗೆ ತಿಳಿಯುವುದೇ ಇಲ್ಲ. ಏಳನೆಯ ಸಂದೇಶದಲ್ಲಿ ಹಣ ಕೇಳುತ್ತಾನೆ. ಇದರಲ್ಲಿ ಷೇರಿನ ಜ್ಞಾನ ಎಳ್ಳಷ್ಟೂ ಬೇಕಿಲ್ಲ. ಅರ್ಧ ಮಾಡುವ ಲೆಕ್ಕ ಬಂದರೆ ಸಾಕು.

ಇದು ಹೊಸದೇನಲ್ಲ

ಇಪ್ಪತ್ತು ವರ್ಷಗಳ ಹಿಂದೆ ಅಮೆರಿಕದಲ್ಲಿ ಇಂಥ ಮೇಲ್‌ಗಳ ಪ್ರವಾಹವೇ ಹರಿಯುತ್ತಿತ್ತು. 2007ರ ಮಾರ್ಚ್‌ನಲ್ಲಿ ಅಲ್ಲಿನ ಷೇರುಪೇಟೆ ನಿಯಂತ್ರಕ ಸಂಸ್ಥೆ, ಸ್ಪ್ಯಾಮ್ ಮೇಲ್‌ಗಳಲ್ಲಿ ಪ್ರಚಾರವಾಗುತ್ತಿದ್ದ 35 ಕಂಪನಿಗಳ ಷೇರು ವಹಿವಾಟನ್ನು ಒಟ್ಟಿಗೇ ತಡೆಹಿಡಿಯಿತು. ವಾರಕ್ಕೆ ಸುಮಾರು 10 ಕೋಟಿ ಇಂಥ ಸಂದೇಶಗಳು ಹೋಗುತ್ತಿವೆ ಎಂದು ಆಗ ಅದು ಅಂದಾಜಿಸಿತ್ತು. ಲಾರಾ ಫ್ರೀಡರ್ ಮತ್ತು ಜೊನಾಥನ್ ಜಿಟ್ರೈನ್ ಎಂಬ ಸಂಶೋಧಕರು ಈ ಮೇಲ್‌ಗಳನ್ನೂ ಷೇರು ಬೆಲೆಗಳನ್ನೂ ಜೋಡಿಸಿ ನೋಡಿದರು. ಮೇಲ್ ಬಂದಾಗ ಕೊಂಡವರು ಎರಡೇ ದಿನದಲ್ಲಿ ಸರಾಸರಿ 5%ಕ್ಕಿಂತ ತುಸು ಹೆಚ್ಚು ಕಳೆದುಕೊಂಡಿದ್ದರು. ಮೇಲ್ ಹರಿಬಿಡುವ ಮೊದಲೇ ಕೊಂಡವರಿಗೆ ಲಾಭವಾಗುವಂತಿತ್ತು.

ನಮ್ಮಲ್ಲಿ ಇದೇ ಆಟ ಎಸ್ಸೆಮ್ಮೆಸ್‌ನಲ್ಲಿ ಹಬ್ಬಿತು. 2017ರ ಆಗಸ್ಟ್‌ನಲ್ಲಿ ಟ್ರಾಯ್, ಸೆಬಿಯ ಕೋರಿಕೆಯಂತೆ, ನೋಂದಣಿ ಇಲ್ಲದವರು ಷೇರು ಸಲಹೆಯ ಬಲ್ಕ್ ಎಸ್ಸೆಮ್ಮೆಸ್ ಕಳುಹಿಸುವುದನ್ನು ತಡೆಯಲು ಟೆಲಿಕಾಂ ಕಂಪನಿಗಳಿಗೆ ಸೂಚಿಸಿತು. ಆಮೇಲೆ ಅದು ಯೂಟ್ಯೂಬ್‌ಗೆ ಬಂತು. 2022ರ ಜುಲೈನಲ್ಲಿ ಸಾಧನಾ ಬ್ರಾಡ್‌ಕಾಸ್ಟ್ ಎಂಬ ಸಣ್ಣ ಕಂಪನಿಯನ್ನು ದೊಡ್ಡ ಉದ್ಯಮ ಸಮೂಹವೊಂದು ಕೊಳ್ಳಲಿದೆ ಎಂಬಂಥ ಸುಳ್ಳು ವಿಡಿಯೊಗಳು ಹರಿದಾಡಿದವು. ಒಂದೆರಡು ಸಾವಿರದಷ್ಟಿದ್ದ ಅದರ ಸಣ್ಣ ಷೇರುದಾರರ ಸಂಖ್ಯೆ 55,000 ದಾಟಿತು. ಜನ ಕೊಳ್ಳುತ್ತಿದ್ದಾಗ ಮೊದಲೇ ಷೇರು ಇಟ್ಟುಕೊಂಡವರು ಮಾರಿಕೊಂಡರು ಎಂದು ಸೆಬಿ 2023ರ ಮಾರ್ಚ್ 2ರ ಮಧ್ಯಂತರ ಆದೇಶದಲ್ಲಿ ಹೇಳಿತು.

ಈಗಿನ ರೂಪ ನಕಲಿ ಮುಖಗಳದ್ದು. ಇನ್ಫೊಸಿಸ್ ಸ್ಥಾಪಕ ಎನ್.ಆರ್. ನಾರಾಯಣ ಮೂರ್ತಿ ಅವರೇ ಟ್ರೇಡಿಂಗ್ ಆ್ಯಪ್ ಒಂದನ್ನು ಹೊಗಳುತ್ತಿರುವಂತೆ ಡೀಪ್‌ಫೇಕ್ ವಿಡಿಯೊಗಳು ಬಂದವು. 2023ರ ಡಿಸೆಂಬರ್‌ನಲ್ಲಿ ಅವರು, ತಮಗೂ ಅಂಥ ಆ್ಯಪ್‌ಗಳಿಗೂ ಯಾವ ಸಂಬಂಧವೂ ಇಲ್ಲ, ನಂಬಬೇಡಿ ಎಂದು ಬಹಿರಂಗವಾಗಿ ಎಚ್ಚರಿಸಿದರು. 2024ರ ಏಪ್ರಿಲ್‌ನಲ್ಲಿ ಎನ್‌ಎಸ್‌ಇ ಕೂಡ ತನ್ನ ಮುಖ್ಯಸ್ಥರ ಹೆಸರಿನ ನಕಲಿ ವಿಡಿಯೊಗಳ ಬಗ್ಗೆ ಎಚ್ಚರಿಕೆ ನೀಡಿತು. ನಮ್ಮವರ ಮುಖ, ನಮ್ಮವರ ದನಿ ಕಂಡರೆ ನಂಬಿಕೆ ಬೇಗ ಹುಟ್ಟುತ್ತದೆ. ಮೋಸಗಾರರು ಕದಿಯುವುದು ಮೊದಲು ಆ ನಂಬಿಕೆಯನ್ನೇ.

ಇನ್ನೂ ದೊಡ್ಡ ಅಪಾಯ: ಇಲ್ಲದ ಷೇರು

ಮೇಲೆ ಹೇಳಿದ ಮೋಸದಲ್ಲಿ ಷೇರಾದರೂ ನಿಜವಾಗಿ ಇರುತ್ತದೆ. ಇನ್ನೊಂದು ಬಗೆಯಲ್ಲಿ ಅದೂ ಇಲ್ಲ. ಇಮೇಲ್‌ನ ಲಿಂಕ್ ಒತ್ತಿದರೆ ಒಂದು ವಾಟ್ಸಾಪ್ ಗುಂಪಿಗೆ ಸೇರಿಸುತ್ತಾರೆ. ಅಲ್ಲಿ ‘ಪ್ರೊಫೆಸರ್’ ಒಬ್ಬರು ಪಾಠ ಹೇಳುತ್ತಾರೆ, ‘ಸದಸ್ಯರು’ ಲಾಭದ ಸ್ಕ್ರೀನ್‌ಶಾಟ್ ಹಾಕುತ್ತಾರೆ. ವಿದೇಶಿ ಸಂಸ್ಥೆಯ ವಿಶೇಷ ಖಾತೆಯಲ್ಲಿ ರಿಯಾಯಿತಿ ದರಕ್ಕೆ ಷೇರು ಕೊಡಿಸುತ್ತೇವೆ, ಐಪಿಒ ಗ್ಯಾರಂಟಿ ಸಿಗುತ್ತದೆ ಎಂದು ಆ್ಯಪ್ ಹಾಕಿಸುತ್ತಾರೆ. ವಿದೇಶಿ ಹೂಡಿಕೆ ಸಂಸ್ಥೆಗಳ ಹೆಸರಿನ ಇಂಥ ನಕಲಿ ಆ್ಯಪ್‌ಗಳ ಬಗ್ಗೆ ಸೆಬಿ 2024ರ ಫೆಬ್ರುವರಿಯಲ್ಲೇ ಎಚ್ಚರಿಸಿದೆ.

ಆ ಆ್ಯಪ್‌ನಲ್ಲಿ ನಿಮ್ಮ 50,000 ರೂಪಾಯಿ ಎರಡು ಲಕ್ಷವಾಗಿ ಕಾಣುತ್ತದೆ. ಅದು ಪರದೆಯ ಮೇಲಿನ ಅಂಕಿ ಮಾತ್ರ. ಹಿಂದಕ್ಕೆ ಪಡೆಯಲು ಹೋದರೆ “ಮೊದಲು 20% ತೆರಿಗೆ ಕಟ್ಟಿ” ಎನ್ನುತ್ತಾರೆ. ಕಟ್ಟಿದರೆ ಇನ್ನೊಂದು ಶುಲ್ಕ ಹುಟ್ಟಿಕೊಳ್ಳುತ್ತದೆ.

ಇದನ್ನು ಪತ್ತೆ ಹಚ್ಚಲು ಎರಡು ಸರಳ ಪರೀಕ್ಷೆಗಳಿವೆ.

ಮೊದಲನೆಯದು, ನಿಜವಾದ ಷೇರು ಇರುವುದು ಎನ್‌ಎಸ್‌ಡಿಎಲ್ ಅಥವಾ ಸಿಡಿಎಸ್‌ಎಲ್‌ನಲ್ಲಿ, ನಿಮ್ಮ ಹೆಸರಿನ ಡಿಮ್ಯಾಟ್ ಖಾತೆಯಲ್ಲಿ. ಆ ಸಂಸ್ಥೆಗಳ ಸ್ವಂತ ಆ್ಯಪ್ ಅಥವಾ ಜಾಲತಾಣದಲ್ಲಿ ನಿಮ್ಮ ಷೇರು ಕಾಣದಿದ್ದರೆ, ನಿಮ್ಮ ಬಳಿ ಷೇರು ಇಲ್ಲ.

ಎರಡನೆಯದು, ಐಪಿಒಗೆ ಅರ್ಜಿ ಹಾಕಿದಾಗ ಹಣ ನಿಮ್ಮ ಬ್ಯಾಂಕ್ ಖಾತೆಯಲ್ಲೇ ತಡೆಹಿಡಿದಿರುತ್ತದೆ. ಷೇರು ಹಂಚಿಕೆಯಾದರೆ ಮಾತ್ರ ಕಡಿತವಾಗುತ್ತದೆ. ಯಾರದೋ ಖಾತೆಗೆ ಮೊದಲೇ ಹಣ ಕಳುಹಿಸಿ ಎಂದರೆ ಅದು ಐಪಿಒ ಅಲ್ಲ.

ಜನ ನಂಬಿರುವ ಮಾತು, ನಿಜಸಂಗತಿ

*ನಂಬಿಕೆ: ಕಳುಹಿಸಿದವರ ಹೆಸರು ‘ಸೆಬಿ’ ಎಂದೇ ಇದೆ, ಹಾಗಾಗಿ ಅಸಲಿ.*
ನಿಜ: ಅಂಚೆ ಲಕೋಟೆಯ ಮೇಲೆ ‘ಇಂದ’ ಎಂಬಲ್ಲಿ ಯಾರು ಯಾರ ಹೆಸರನ್ನಾದರೂ ಬರೆಯಬಹುದು. ಇಮೇಲ್‌ನಲ್ಲಿ ಕಾಣುವ ಹೆಸರೂ ಹಾಗೆಯೇ. ಹೆಸರಿನ ಮೇಲೆ ಒತ್ತಿ ಪೂರ್ತಿ ವಿಳಾಸ ನೋಡಿ. ಸೆಬಿಯ ಅಧಿಕೃತ ವಿಳಾಸ ‘ಸೆಬಿ ಡಾಟ್ ಜಿಒವಿ ಡಾಟ್ ಇನ್’ ಎಂದು ಮುಗಿಯುತ್ತದೆ. ಅದು ಸರಿ ಕಂಡರೂ, ಸೆಬಿ ಯಾವ ಷೇರನ್ನೂ ಕೊಳ್ಳಿ ಎಂದು ಹೇಳುವುದಿಲ್ಲ ಎಂಬುದು ನೆನಪಿರಲಿ.

*ನಂಬಿಕೆ: ನೋಂದಣಿ ಸಂಖ್ಯೆ ಕೊಟ್ಟಿದ್ದಾರೆ, ಹಾಗಾದರೆ ಭಯವಿಲ್ಲ.*
ನಿಜ: ಬೇರೆಯವರ ಸಂಖ್ಯೆಯನ್ನು ಕದ್ದು ಹಾಕುವುದು ಮಾಮೂಲು. ಹೂಡಿಕೆ ಸಲಹೆಗಾರರ ಸಂಖ್ಯೆ ‘ಐಎನ್‌ಎ’, ಸಂಶೋಧನಾ ವಿಶ್ಲೇಷಕರದ್ದು ‘ಐಎನ್‌ಎಚ್’, ಬ್ರೋಕರ್‌ಗಳದ್ದು ‘ಐಎನ್‌ಜಡ್’ ಎಂದು ಶುರುವಾಗುತ್ತದೆ. ಸೆಬಿ ಜಾಲತಾಣದ ಪಟ್ಟಿಯಲ್ಲಿ ಆ ಸಂಖ್ಯೆ ಯಾರ ಹೆಸರಿನಲ್ಲಿದೆ ನೋಡಿ, ಅಲ್ಲಿರುವ ಫೋನ್ ಸಂಖ್ಯೆಗೇ ಕರೆ ಮಾಡಿ ಕೇಳಿ. ನೋಂದಣಿ ಇದ್ದವರೂ ಲಾಭದ ಗ್ಯಾರಂಟಿ ಕೊಡುವಂತಿಲ್ಲ.

*ನಂಬಿಕೆ: ಮೊದಲು 2,000 ರೂಪಾಯಿ ವಾಪಸ್ ಬಂತು, ಹಾಗಾದರೆ ದೊಡ್ಡ ಮೊತ್ತವೂ ಬರುತ್ತದೆ.*
ನಿಜ: ಗಾಳದ ತುದಿಗೆ ಎರೆಹುಳು ಸಿಕ್ಕಿಸದೆ ಯಾರೂ ಮೀನು ಹಿಡಿಯುವುದಿಲ್ಲ.

*ನಂಬಿಕೆ: ‘ಅನ್‌ಸಬ್‌ಸ್ಕ್ರೈಬ್’ ಒತ್ತಿದರೆ ಮೇಲ್ ನಿಲ್ಲುತ್ತದೆ.*
ನಿಜ: ಅಪರಿಚಿತ ಸ್ಪ್ಯಾಮ್‌ನಲ್ಲಿರುವ ಆ ಲಿಂಕ್ ಒತ್ತಿದರೆ, ಈ ವಿಳಾಸವನ್ನು ನಿಜವಾಗಿ ಯಾರೋ ಬಳಸುತ್ತಿದ್ದಾರೆ ಎಂದು ಅವರಿಗೆ ತಿಳಿಯುತ್ತದೆ. ತೆರೆದುಕೊಳ್ಳುವ ಪುಟವೂ ನಕಲಿ ಇರಬಹುದು. ಜಿಮೇಲ್‌ನಲ್ಲೇ ಇರುವ ‘ಸ್ಪ್ಯಾಮ್ ಎಂದು ವರದಿ ಮಾಡಿ’ ಆಯ್ಕೆ ಬಳಸಿ.

*ನಂಬಿಕೆ: ಫಾರ್ವರ್ಡ್ ಮಾಡಿದರೆ ನನಗೇನು ನಷ್ಟ?*
ನಿಜ: ಅಪರಿಚಿತನ ಮೇಲ್ ಅನ್ನು ನಿಮ್ಮ ಮಾವ ನಂಬಲಾರರು. ಆದರೆ “ಮಾವ, ಇದನ್ನ ತಗಳಿ, ವಾರಕ್ಕೆ ಡಬಲ್ ಆಯ್ತದೆ” ಎಂದು ನೀವು ಕಳುಹಿಸಿದರೆ ನಂಬುತ್ತಾರೆ. ಮಗಳ ಮದುವೆಗೆ ಇಟ್ಟ ಹಣ ಹೋದ ಮೇಲೆ ಅವರು ಮುಖ ನೋಡುವುದು ಮೋಸಗಾರನದ್ದಲ್ಲ, ನಿಮ್ಮದು.

ಹಣ ಕಳುಹಿಸುವ ಮೊದಲು

2025ರ ಅಕ್ಟೋಬರ್ 1ರಿಂದ ಸೆಬಿ ಒಂದು ಹೊಸ ಗುರುತು ತಂದಿದೆ. ನೋಂದಾಯಿತ ಬ್ರೋಕರ್, ಮ್ಯೂಚುವಲ್ ಫಂಡ್ ಮುಂತಾದವರ ಯುಪಿಐ ವಿಳಾಸದಲ್ಲಿ ‘@’ ಚಿಹ್ನೆಯ ಮುಂದೆ ‘ವ್ಯಾಲಿಡ್’ ಎಂಬ ಪದವೂ ಅದರ ಜೊತೆ ಬ್ಯಾಂಕಿನ ಹೆಸರೂ ಇರುತ್ತದೆ. ಹಣ ಕಳುಹಿಸುವಾಗ ಒಂದು ವಿಶೇಷ ಹಸಿರು ಗುರುತೂ ಕಾಣುತ್ತದೆ. ‘ಸೆಬಿ ಚೆಕ್’ ಎಂಬ ಸೌಲಭ್ಯದಲ್ಲಿ ಯುಪಿಐ ವಿಳಾಸ ಅಥವಾ ಬ್ಯಾಂಕ್ ಖಾತೆ ಸಂಖ್ಯೆ ಹಾಕಿಯೂ ಪರೀಕ್ಷಿಸಬಹುದು. ಷೇರಿನ ಹಣವನ್ನು ವ್ಯಕ್ತಿಯೊಬ್ಬರ ಸ್ವಂತ ಖಾತೆಗೆ ಕೇಳಿದರೆ ಅಲ್ಲಿಗೇ ಮಾತು ಮುಗಿಸಿ. ಸಂದೇಹವಿದ್ದರೆ ಸೆಬಿಯ ಉಚಿತ ಸಹಾಯವಾಣಿ 1800 266 7575 ಅಥವಾ 1800 22 7575ಕ್ಕೆ ಕರೆ ಮಾಡಿ.

ಹಣ ಹೋಗಿದ್ದರೆ ಏನು ಮಾಡಬೇಕು?

- ತಕ್ಷಣ 1930ಕ್ಕೆ ಕರೆ ಮಾಡಿ. ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಜಿಗಿಯುವ ಮುನ್ನ ತಡೆಹಿಡಿಯಲು ಸಾಧ್ಯವಾಗಬಹುದು. ನಾಳೆ ನೋಡೋಣ ಎಂದರೆ ಆ ಅವಕಾಶ ಕೈತಪ್ಪುತ್ತದೆ.
- ‘ಸೈಬರ್‌ಕ್ರೈಮ್ ಡಾಟ್ ಜಿಒವಿ ಡಾಟ್ ಇನ್’ ಜಾಲತಾಣದಲ್ಲಿ ದೂರು ದಾಖಲಿಸಿ. ನಿಮ್ಮ ಬ್ಯಾಂಕಿಗೂ ತಿಳಿಸಿ.
- ಮೇಲ್, ಚಾಟ್, ಆ್ಯಪ್ ಯಾವುದನ್ನೂ ಅಳಿಸಬೇಡಿ. ಸ್ಕ್ರೀನ್‌ಶಾಟ್ ತೆಗೆದಿಡಿ, ವಹಿವಾಟಿನ ಯುಟಿಆರ್ ಸಂಖ್ಯೆ ಬರೆದಿಟ್ಟುಕೊಳ್ಳಿ.
- ನಿಮ್ಮ ತಾಲ್ಲೂಕಿನ ಪೊಲೀಸ್ ಠಾಣೆಗೆ ಅಥವಾ ಮಂಡ್ಯದ ಸೆನ್ ಅಪರಾಧ ಪೊಲೀಸ್ ಠಾಣೆಗೆ ಹೋಗಿ ದೂರು ಕೊಡಿ.
- ಹಣ ಹಿಂದಕ್ಕೆ ಪಡೆಯಲೆಂದು ಮತ್ತೆ ಹಣ ಕಟ್ಟಬೇಡಿ. “ಕಳೆದ ಹಣ ಕೊಡಿಸುತ್ತೇವೆ, ಶುಲ್ಕ ಕೊಡಿ” ಎಂದು ಬರುವವರು ಅನೇಕ ಸಲ ಅದೇ ಗುಂಪಿನವರು.
- ಪಟ್ಟಿಯಾದ ಕಂಪನಿಯ ಷೇರು ಕೊಂಡು ಸಿಕ್ಕಿಕೊಂಡಿದ್ದರೆ, ಸರಾಸರಿ ಬೆಲೆ ಇಳಿಸಲೆಂದು ಇನ್ನಷ್ಟು ಕೊಳ್ಳಬೇಡಿ. ಬಂದ ಸಂದೇಶವನ್ನು ಸೆಬಿಯ ಗಮನಕ್ಕೆ ತನ್ನಿ.

ಒಂದು ಮಾತು ಹುಡುಗರಿಗೆ. “ನಿನ್ನ ಬ್ಯಾಂಕ್ ಖಾತೆ, ಎಟಿಎಂ ಕಾರ್ಡ್, ಸಿಮ್ ಕೊಡು, ತಿಂಗಳಿಗೆ ಇಷ್ಟು ಬಾಡಿಗೆ” ಎಂದು ಯಾರಾದರೂ ಕೇಳಿದರೆ ಕೊಡಬೇಡಿ. ಮೋಸದ ಹಣ ಸಾಗುವುದು ಇಂಥ ಬಾಡಿಗೆ ಖಾತೆಗಳ ಮೂಲಕ. ಪೊಲೀಸರು ಮೊದಲು ಬಾಗಿಲು ಬಡಿಯುವುದು ಖಾತೆ ಯಾರ ಹೆಸರಿನಲ್ಲಿದೆಯೋ ಅವರ ಮನೆಯದ್ದು.

ಮೋಸ ಹೋದವರನ್ನು ದಡ್ಡರೆಂದು ಆಡಿಕೊಳ್ಳುವುದೂ ಮೋಸಗಾರನಿಗೇ ಅನುಕೂಲ. ನಾಚಿಕೆಯಿಂದ ಮನೆಯವರಿಗೂ ಹೇಳದೆ ಕೂತರೆ ದೂರು ತಡವಾಗುತ್ತದೆ, ಹಣ ದೂರ ಹೋಗುತ್ತದೆ. ಮನೆಯಲ್ಲಿ ಯಾರಾದರೂ ಹೀಗೆ ಸಿಕ್ಕಿಕೊಂಡಿದ್ದರೆ ಬೈಯುವುದನ್ನು ಆಮೇಲೆ ಇಟ್ಟುಕೊಳ್ಳಿ. ಮೊದಲು 1930ಕ್ಕೆ ಕರೆ ಮಾಡಿ.

ಒಟ್ಟಾರೆ: ಕೇಳದೆ ಬಂದ ಷೇರು ಸಲಹೆಯನ್ನು ನಂಬಿ ಕೊಳ್ಳಬೇಡಿ. ಇಮೇಲ್ ಕಳುಹಿಸುವವರಿಗೆ ಬೇಕಿರುವುದು ತಮ್ಮ ಷೇರನ್ನು ಕೊಳ್ಳುವ ಒಬ್ಬರು, ಅಥವಾ ನೇರವಾಗಿ ನಿಮ್ಮ ಹಣ. ಊರಿನ ಗುಂಪಿಗೆ ಏನಾದರೂ ಫಾರ್ವರ್ಡ್ ಮಾಡಲೇಬೇಕೆಂದರೆ ಆ ಮೇಲ್ ಬದಲು 1930 ಎಂಬ ಸಂಖ್ಯೆಯನ್ನು ಮಾಡಿ.